ಗಜದಿಂದ ತೋಟಾಕ್ಕೆ: ಕೊಡಗಿನ ಕೋವಿಯ ಈಡಿನ ಚರಿತ್ರೆ

ಸೆಪ್ಟೆಂಬರ್ 3ರ ಸುಮಾರಿಗೆ ಬರುವ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಅಮ್ಮತ್ತಿ ಸೀಮೆಯ ಕೊಡವ ಮನೆಗಳಲ್ಲಿ ಕೋವಿಗಳನ್ನು ಒರೆಸಿ, ನಳಿಗೆಗೆ ತೋಕ್‌ಪೂ (ಕೋವಿಹೂವು) ಸಿಕ್ಕಿಸಿ ಪೂಜಿಸುತ್ತಾರೆ. ಕಡಂಬುಟ್ಟು, ಪಂದಿಕರಿಯ ಊಟವಾದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಪರವಾನಗಿಯಿಲ್ಲದೆ ಈ ಕೋವಿ ಇಟ್ಟುಕೊಳ್ಳುವ ಹಕ್ಕಿನ ಬಗ್ಗೆ ಬೇಕಾದಷ್ಟು ಬರೆದಿದ್ದೇವೆ. ಅದರ ಹೊಟ್ಟೆಗೆ ಏನು ಬೀಳುತ್ತಿತ್ತು, ಅದನ್ನು ಯಾರು ತುಂಬುತ್ತಿದ್ದರು ಎಂಬುದನ್ನು ಮಾತ್ರ ಅಷ್ಟಾಗಿ ಕೇಳಿಲ್ಲ.

ಹಳೆಯದು ಕೇಪಿನ ಕೋವಿ. ಬಾಯಿಂದ ಕರಿಮದ್ದು ಸುರಿದು, ನಾರನ್ನೋ ಬಟ್ಟೆಯ ಚೂರನ್ನೋ ತುರುಕಿ ಗಜ ಎಂಬ ಕೋಲಿನಿಂದ ಜಡಿಯಬೇಕು. ಆಮೇಲೆ ಚರೆ ಅಥವಾ ಸೀಸದ ಗುಂಡು, ಅದು ಉರುಳಿ ಬೀಳದಂತೆ ಮತ್ತೊಂದು ಬಿರಡೆ. ಕೊನೆಗೆ ಕುದುರೆ ಎಂಬ ಸುತ್ತಿಗೆಯಡಿ ಕಿಡಿ ಹಾರಿಸುವ ಕೇಪು. ಹೀಗೆ ಪ್ರತಿ ಈಡೂ ಹೊಡೆಯುವವನ ಕೈಯಲ್ಲೇ ತಯಾರಾಗುತ್ತಿತ್ತು. ಮದ್ದನ್ನು ತಕ್ಕಡಿಗೆ ಹಾಕುತ್ತಿರಲಿಲ್ಲ, ಅಳತೆಯ ಕೊಳವೆಯಿಂದ ಸುರಿಯುತ್ತಿದ್ದರು. ಕರಿಮದ್ದು ಅಷ್ಟು ಸಡಿಲವನ್ನು ತಾಳಿಕೊಳ್ಳುತ್ತದೆ. ಹೊಗೆಯಿಲ್ಲದ ಹೊಸ ಮದ್ದನ್ನು ಅದೇ ಅಳತೆಯಲ್ಲಿ ಸುರಿದರೆ ನಳಿಗೆಯೇ ಸಿಡಿದೀತು. ಜಡಿತ ಸಡಿಲವಾದರೆ ಈಡು ಸೋಲುತ್ತದೆ, ಮದ್ದು ತೇವವಾದರೆ ಹಾರುವುದೇ ಇಲ್ಲ. ಕೊಡಗಿನ ಆಷಾಢದಲ್ಲಿ ಇದೇನು ಸಣ್ಣ ಸಂಗತಿಯಲ್ಲ.

ಕೊಡವರ ಕೋವಿ ಹಕ್ಕಿನ ಹಿಂದೆಯೂ ಒಂದು ತೋಟಾ ಇದೆ. ಎನ್‌ಫೀಲ್ಡ್ ರೈಫಲ್ಲಿನ ಕಾಗದದ ತೋಟಾಕ್ಕೆ ಹಸು, ಹಂದಿಯ ಕೊಬ್ಬು ಸವರಿದ್ದಾರೆ, ಅದನ್ನು ಹಲ್ಲಿನಿಂದ ಹರಿಯಬೇಕು ಎಂಬ ಸುದ್ದಿ 1857ರ ದಂಗೆಗೆ ಕಿಡಿಯಾಯಿತು. ದಂಗೆ ಅಡಗಿದ ಮೇಲೆ ಜನರ ಆಯುಧ ಕಸಿಯುವ ಕಾನೂನು ಬಿಗಿಯಾಯಿತು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಅದರಿಂದ ಹೊರಗಿಟ್ಟರು. ಕಾರ್ಖಾನೆಯ ತೋಟಾ ಹೊತ್ತಿಸಿದ ಬೆಂಕಿಯ ಫಲವಾಗಿ, ಕೈಯಿಂದ ಮದ್ದು ತುಂಬುವ ಕೋವಿ ಕೊಡಗಿನ ಮನೆಯಲ್ಲೇ ಉಳಿಯಿತು ಎನ್ನಬಹುದು.

1869ರಲ್ಲಿ ಪುಣೆಯ ಖಡ್ಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆ ಶುರುವಾಯಿತು. ನಮ್ಮ ಬೇಟೆಗಾರರ ಬಾಯಲ್ಲಿ ಮನೆಮಾತಾದ 12 ಬೋರಿನ ‘ಶಕ್ತಿಮಾನ್ ಎಕ್ಸ್‌ಪ್ರೆಸ್’ ಅಲ್ಲಿಯದೇ. ಒಂಟಿ ನಳಿಗೆ, ಜೋಡಿ ನಳಿಗೆಯ ತೋಟಾ ಕೋವಿ ಬಂದಂತೆ ಗಜ ಮೂಲೆ ಸೇರಿತು. ಕಾಗದದ ತೋಟಾ ಮಳೆಗಾಲದಲ್ಲಿ ಉಬ್ಬಿ ನಳಿಗೆಗೆ ಇಳಿಯದೆ ಸತಾಯಿಸುತ್ತಿತ್ತು. ಪ್ಲಾಸ್ಟಿಕ್ ಬಂದು ಆ ಕಾಟ ತಪ್ಪಿಸಿತು. ಗದ್ದೆಗೆ ಹಂದಿ ನುಗ್ಗಿದ ರಾತ್ರಿ ಮದ್ದು ಅಳೆಯುತ್ತ ಕೂರಲು ಯಾರಿಗೆ ಪುರಸೊತ್ತು?

ಪಶ್ಚಿಮದ ದೂರಗುರಿಯ ಲೋಕದಲ್ಲಿ ನಡೆದದ್ದು ಇದರ ತಿರುವುಮುರುವು. ಅಲ್ಲಿ ಕಾರ್ಖಾನೆಯ ತೋಟಾ ಧಾರಾಳವಾಗಿ ಸಿಗುತ್ತಿದ್ದಾಗಲೇ ಹಲವರು ಹಾರಿಸಿದ ಹಿತ್ತಾಳೆ ಕೋಶವನ್ನು ಮತ್ತೆ ತುಂಬಲು ಕೂತರು. ಉಳಿತಾಯ ಒಂದು ಕಾರಣ, ನಿಖರತೆ ಇನ್ನೊಂದು. ಸಾವಿರ ಗಜದ ಗುರಿಯಲ್ಲಿ ಗುಂಡಿನ ವೇಗ ಸೆಕೆಂಡಿಗೆ 30 ಅಡಿ ಹೆಚ್ಚುಕಡಿಮೆಯಾದರೆ ಪೆಟ್ಟು ಸುಮಾರು ಒಂದು ಗೇಣು ಮೇಲೆ ಕೆಳಗಾಗುತ್ತದೆ. ಅದಕ್ಕೇ ಮದ್ದನ್ನು ಗ್ರೇನಿನ ಹತ್ತನೇ ಒಂದು ಪಾಲಿನವರೆಗೆ ತೂಗುತ್ತಾರೆ. ಒಂದು ಗ್ರೇನ್ ಎಂದರೆ 65 ಮಿಲಿಗ್ರಾಂ, ಗುಲಗಂಜಿಯ ತೂಕದ ಅರ್ಧ. ಆದರೆ 1876ರಲ್ಲಿ ಅಮೆರಿಕದ ಕ್ರೀಡ್‌ಮೂರ್‌ನಲ್ಲಿ ಆರಂಭವಾದ ಪಾಲ್ಮಾ ದೂರಗುರಿ ಪಂದ್ಯದಲ್ಲಿ ಆತಿಥೇಯ ದೇಶವೇ ಎಲ್ಲರಿಗೂ ಒಂದೇ ತೋಟಾ ಹಂಚುವ ಪದ್ಧತಿಯೂ ಬೆಳೆಯಿತು. ಗೆಲ್ಲಬೇಕಾದದ್ದು ಗುರಿಕಾರನೋ, ಅವನ ತಕ್ಕಡಿಯೋ ಎಂಬ ತಕರಾರಿಗೆ ಅದೊಂದು ಉತ್ತರ.

ಆದ್ದರಿಂದ ಕೊಡಗಿನಲ್ಲಿ ಕೈಯಿಂದ ಮದ್ದು ತುಂಬುವ ರೂಢಿಯನ್ನು ಈ ನಿಖರತೆಯ ಹುಚ್ಚಿನ ಪೂರ್ವಜ ಎಂದು ಬಿಂಬಿಸುವುದು ಸರಿಯಲ್ಲ. ನಳಿಗೆಯೊಳಗೆ ಸುರುಳಿ ಗೀರಿಲ್ಲದ ಕೇಪಿನ ಕೋವಿ ನೂರು ಗಜ ದಾಟಿದರೆ ನೆಚ್ಚುವಂತಿಲ್ಲ. ಗಂಡುಮಗು ಹುಟ್ಟಿದಾಗ ಒಂದು ಈಡು, ಸಾವಿಗೆ ಎರಡು, ಸುಗ್ಗಿಹಬ್ಬ ಪುತ್ತರಿಯ ಕದಿರು ಕೊಯ್ದಾಗ ಮತ್ತೊಂದು. ಇವಕ್ಕೆಲ್ಲ ಬೇಕಾದದ್ದು ಸದ್ದು, ಗುರಿಯಲ್ಲ. ಇಂದಿನ ತೆಂಗಿನಕಾಯಿ ಪಂದ್ಯಗಳಲ್ಲಿ 12 ಬೋರಿನ ಜೊತೆಗೆ ಪಾಯಿಂಟ್ 22 ರೈಫಲ್ ಕಾಣುತ್ತೇವೆ. ಅದರ ತೋಟಾದ ಸಿಡಿಮದ್ದು ಅಂಚಿನೊಳಗೇ ಇರುವುದರಿಂದ ಮತ್ತೆ ತುಂಬುವ ಮಾತೇ ಇಲ್ಲ. ಅಲ್ಲಿ ಕಾರ್ಖಾನೆಗೇ ಪೂರ್ತಿ ಜಯ. ಕಾನೂನಿನ ಮಾತಿಗೆ ಬಂದರೆ, ಕೊಡವರಿಗೂ ವಂಶಪಾರಂಪರ್ಯ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದು ಕೋವಿ ಇಟ್ಟುಕೊಳ್ಳಲು ಸಿಕ್ಕ ವಿನಾಯಿತಿ, ಮದ್ದುಗುಂಡು ತಯಾರಿಸಲು ಅಲ್ಲ.

ಕೊಡಗಿನಲ್ಲಿ ಕೇಪಿನ ಕೋವಿಗೆ ಯಾವ ಅಳತೆಯಲ್ಲಿ ಮದ್ದು ತುಂಬುತ್ತಿದ್ದರು ಎಂಬುದಕ್ಕೆ ಸಾಕ್ಷಿ ಕಡತಗಳಲ್ಲಿ ಸಿಗುವಂಥದಲ್ಲ. ಐನ್‌ಮನೆಯ (ಕುಲದ ಹಿರಿಮನೆಯ) ಅಟ್ಟದಲ್ಲಿ ಮದ್ದಿನ ಕೊಂಬು, ಅಳತೆಯ ಕೊಳವೆ, ಸೀಸದ ಅಚ್ಚು ಉಳಿದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಉದ್ದಗಲ ಅಳೆದು, ಯಾರ ಕಾಲದ್ದೆಂದು ಬರೆದಿಡಿ.