ಎಂಜಿನ್ನಿನೊಳಗಿನ ಹಿಮ: ಕಾರ್ಬುರೇಟರ್ ಬಿಸಿಗಾಳಿಯ ಚರಿತ್ರೆ

1903ರ ಡಿಸೆಂಬರ್ 17ರಂದು ಹಾರಿದ ರೈಟ್ ಸಹೋದರರ ಎಂಜಿನ್ನಿಗೆ ಇಂದಿನ ಅರ್ಥದ ಕಾರ್ಬುರೇಟರ್ ಇರಲಿಲ್ಲ. ಮೇಲಿನ ತೊಟ್ಟಿಯಿಂದ ಇಳಿದ ಪೆಟ್ರೋಲ್ ಎಂಜಿನ್ನಿನ ಬಿಸಿಗೇ ಆವಿಯಾಗಿ ಗಾಳಿಯೊಡನೆ ಬೆರೆಯುತ್ತಿತ್ತು. ಒರಟು ವ್ಯವಸ್ಥೆ, ನಿಜ. ಆದರೆ ಮುಂದೆ ಪೈಲಟ್‌ಗಳನ್ನು ಕಾಡಿದ ಹಿಮಕ್ಕೆ ಅಲ್ಲಿ ಹೆಚ್ಚು ಆಸ್ಪದವಿರಲಿಲ್ಲ. ಆ ಹಿಮ ಸುಧಾರಣೆಯ ಕೂಸು ಎಂಬುದು ನನ್ನ ವಾದ.

ಕಾರ್ಬುರೇಟರಿನ ಕಿರಿದಾದ ಕೊರಳಲ್ಲಿ, ಅಂದರೆ ವೆಂಚುರಿಯಲ್ಲಿ, ಗಾಳಿಯ ವೇಗ ಹೆಚ್ಚಿ ಒತ್ತಡ ಕುಸಿಯುತ್ತದೆ, ಗಾಳಿ ತಣಿಯುತ್ತದೆ. ಅಲ್ಲೇ ಚಿಮ್ಮುವ ಪೆಟ್ರೋಲ್ ಆವಿಯಾಗುತ್ತ ಇನ್ನಷ್ಟು ಶಾಖವನ್ನು ಹೀರುತ್ತದೆ. ಸೂಜಿ ಚುಚ್ಚುವ ಮುನ್ನ ನರ್ಸ್ ತೋಳಿಗೆ ಸವರುವ ಸ್ಪಿರಿಟ್ ತಣ್ಣಗೆನಿಸುವುದೂ ಇದೇ ಕಾರಣಕ್ಕೆ. ಎರಡೂ ಸೇರಿ ಉಷ್ಣತೆ 30 ಡಿಗ್ರಿಗೂ ಹೆಚ್ಚು ಇಳಿಯಬಲ್ಲದು. ಗಾಳಿಯ ತೇವ, ಎಂಜಿನ್ನಿಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಥ್ರಾಟಲ್ ತಟ್ಟೆಯ ಮೇಲೆ ಹೆಪ್ಪುಗಟ್ಟಿ, ಎಂಜಿನ್ನಿನ ಉಸಿರು ಕಟ್ಟುತ್ತದೆ.

ಚಾರ್ಲ್ಸ್ ಲಿಂಡ್‌ಬರ್ಗ್ ಇದರ ರುಚಿ ಕಂಡದ್ದು 1927ರ ಮೇ 10ರ ರಾತ್ರಿ, ಸ್ಯಾನ್ ಡಿಯಾಗೊದಿಂದ ಸೇಂಟ್ ಲೂಯಿಗೆ ಹೋಗುವಾಗ. ಬೆಟ್ಟಗಳ ಮೇಲೆ ರೈಟ್ ವರ್ಲ್‌ವಿಂಡ್ ಎಂಜಿನ್ ಕೆಮ್ಮತೊಡಗಿತು. ಕಾರ್ಬುರೇಟರಿನ ಹಿಮವೇ ಕಾರಣವೆಂದು ತರ್ಕಿಸಿದ ಅವರು, ಅಟ್ಲಾಂಟಿಕ್ ದಾಟುವ ಮುನ್ನ ನ್ಯೂಯಾರ್ಕಿನಲ್ಲಿ ಕಾರ್ಬುರೇಟರಿಗೆ ಬಿಸಿಗಾಳಿಯ ಸಾಧನ ಹಾಕಿಸಿಕೊಂಡರು. ಮೇ 20ರಂದು ಹೊರಟ ಆ 33 ಗಂಟೆಗಳ ಹಾರಾಟದ ಕಥೆಯಲ್ಲಿ ಈ ಸಣ್ಣ ದುರಸ್ತಿ ಯಾರಿಗೂ ನೆನಪಿಲ್ಲ.

ಪರಿಹಾರ ಆಗಲೇ ಸಿಕ್ಕಿತ್ತು, ಸೈಲೆನ್ಸರ್ ಸುತ್ತಲಿನ ಬಿಸಿಗಾಳಿ. ತೊಡಕಿದ್ದದ್ದು ಅದನ್ನು ಕಾರ್ಬುರೇಟರಿಗೆ ಬಿಡುವ ಸನ್ನೆ ಎಳೆಯುವ ಕೈಯಲ್ಲಿ. ಬಿಸಿಗಾಳಿ ತೆಳುವಾದ್ದರಿಂದ ಸನ್ನೆ ಎಳೆದೊಡನೆ ಎಂಜಿನ್ನಿನ ಸುತ್ತು ಇಳಿಯುತ್ತದೆ. ಹಿಮ ಕರಗಿದ ನೀರು ಸಿಲಿಂಡರಿಗೆ ನುಗ್ಗಿದಾಗ ಎಂಜಿನ್ ಮೊದಲಿಗಿಂತ ಹೆಚ್ಚು ಗಡಗಡಿಸುತ್ತದೆ. ಮದ್ದೇ ರೋಗ ಹೆಚ್ಚಿಸಿತೆಂದು ಹೆದರಿದ ಪೈಲಟ್ ಸನ್ನೆಯನ್ನು ಮರಳಿ ತಳ್ಳಿಬಿಟ್ಟರೆ ಅಲ್ಲಿಗೆ ಮುಗಿಯಿತು. ತಯಾರಕರ ಕೈಪಿಡಿಗಳಲ್ಲೂ ಒಮ್ಮತವಿಲ್ಲ: ಇಳಿಯುವಾಗ ಶಕ್ತಿ ತಗ್ಗಿಸುವ ಮೊದಲೇ ಬಿಸಿಗಾಳಿ ಕೊಡಿ ಎಂದು ಸೆಸ್ನಾ, ಹಿಮದ ಅನುಮಾನ ಬಂದಾಗ ಮಾತ್ರ ಎಂದು ಪೈಪರ್.

ಹಿಮ ಕಟ್ಟಿಸುವ ಇದೇ ತಂಪನ್ನು ವರವಾಗಿ ಕಂಡವರೂ ಇದ್ದರು. ಎರಡನೇ ಮಹಾಯುದ್ಧದ ಕಾಲದ ರೋಲ್ಸ್-ರಾಯ್ಸ್ ಮರ್ಲಿನ್‌ನಲ್ಲಿ ಪೆಟ್ರೋಲ್ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರಿಗೆ ಮೊದಲೇ ಬೆರೆತು, ತಣಿದು ಸಾಂದ್ರವಾದ ಗಾಳಿ ಹೆಚ್ಚು ಶಕ್ತಿ ಕೊಡುತ್ತಿತ್ತು. ನೇರವಾಗಿ ಸಿಲಿಂಡರಿಗೇ ಪೆಟ್ರೋಲ್ ಚಿಮ್ಮಿಸುತ್ತಿದ್ದ ಜರ್ಮನರ ಡೈಮ್ಲರ್-ಬೆಂಜ್ 601ಕ್ಕೆ ಆ ಲಾಭವೂ ಇರಲಿಲ್ಲ, ಈ ಬಗೆಯ ಹಿಮವೂ ಇರಲಿಲ್ಲ.

ಸಣ್ಣ ವಿಮಾನಗಳಲ್ಲಿ ವಿನ್ಯಾಸದ ಉತ್ತರ ನಿಧಾನವಾಗಿ ಬಂತು. ಸೆಸ್ನಾ 150ರ ಕಾಂಟಿನೆಂಟಲ್ ಎಂಜಿನ್ ಹಿಮಕ್ಕೆ ಸುಲಭ ತುತ್ತು. ಲೈಕಮಿಂಗ್ ಎಂಜಿನ್‌ಗಳಲ್ಲಿ ಕಾರ್ಬುರೇಟರ್ ಬಿಸಿ ಎಣ್ಣೆಯ ಸಂಪ್‌ಗೆ ಅಂಟಿಕೊಂಡಿರುವುದರಿಂದ ಅಪಾಯ ಕಡಿಮೆ, ಇಲ್ಲವೇ ಇಲ್ಲವೆಂದಲ್ಲ. ಸೆಸ್ನಾ 172ರ ಸಾಮಾನ್ಯ ಮಾದರಿ ಕಾರ್ಬುರೇಟರ್ ಬಿಟ್ಟು ಇಂಜೆಕ್ಷನ್‌ಗೆ ಹೊರಳಿದ್ದು 1996ರಲ್ಲಿ.

ಹಿಮವೆಂದರೆ ಶೀತದೇಶದ ಮಾತೆಂಬ ತಿಳಿವಳಿಕೆಯನ್ನು ನಮ್ಮೂರೇ ಸುಳ್ಳಾಗಿಸುತ್ತದೆ. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ, 1958ರಲ್ಲಿ ಮೊದಲು ಹಾರಿದ ಪುಷ್ಪಕ್‌ಗೆ ಇದ್ದದ್ದು 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ಜುಲೈ ತಿಂಗಳ ಜಿಟಿಜಿಟಿ ಬೆಳಗಿನಲ್ಲಿ ಇಲ್ಲಿ 20 ಡಿಗ್ರಿ ಆಸುಪಾಸಿನ ಉಷ್ಣತೆ, ಶೇಕಡ 80 ಮೀರಿದ ತೇವಾಂಶ: ಕೈಪಿಡಿಗಳ ನಕ್ಷೆಯಲ್ಲಿ ಅಪಾಯದ ಪಟ್ಟಿಯ ನಡುಮಧ್ಯೆ ಬೀಳುವ ಹವೆ. ಅಂಥ ಹವೆಯಲ್ಲಿ ಸ್ವೆಟರ್ ಕೂಡ ತೊಡದ ಪೈಲಟ್ ಇಳಿಯಲೆಂದು ಥ್ರಾಟಲ್ ಎಳೆದಾಗಲೇ, ಅರೆಮುಚ್ಚಿದ ಆ ತಟ್ಟೆಯ ಅಂಚಿನಲ್ಲಿ ಹಿಮ ಎಲ್ಲಕ್ಕಿಂತ ಬೇಗ ಕಟ್ಟುತ್ತದೆ.