ಗರ್ಭಾರಂಭದ ಎಚ್‌ಸಿಜಿ ಪರೀಕ್ಷೆ: ಅಂಕಿ ಹೇಳುವುದೆಷ್ಟು, ಹೇಳದಿರುವುದೆಷ್ಟು?

ಮುಟ್ಟು ನಾಲ್ಕು ದಿನ ತಡವಾದೊಡನೆ ಔಷಧದಂಗಡಿಯಿಂದ ಪರೀಕ್ಷಾ ಪಟ್ಟಿಯನ್ನು ತಂದು ಮನೆಯಲ್ಲಿಯೇ ಗರ್ಭವನ್ನು ಖಚಿತಪಡಿಸಿಕೊಳ್ಳುವ ಕಾಲವಿದು. ಮರುದಿನ ರಕ್ತಪರೀಕ್ಷೆ, ಸಂಜೆಯ ಹೊತ್ತಿಗೆ ಮೊಬೈಲಿಗೆ ವರದಿ. ಅದರಲ್ಲಿ 'ಬೀಟಾ ಎಚ್‌ಸಿಜಿ' ಎಂಬ ಹೆಸರಿನ ಮುಂದೆ ಒಂದು ಅಂಕಿ ಇರುತ್ತದೆ. 180 ಎಂದಿದ್ದರೆ ಅದು ಕಡಿಮೆಯೇ? 2,400 ಎಂದಿದ್ದರೆ ಎಲ್ಲವೂ ಕ್ಷೇಮವೇ? ಭಿವಂಡಿ, ಥಾಣೆ, ಕಲ್ಯಾಣ್, ಡೊಂಬಿವಲಿ, ನವಿಮುಂಬಯಿ ಪರಿಸರದ ಅನೇಕ ಕನ್ನಡ ಕುಟುಂಬಗಳಲ್ಲಿ ಹಿರಿಯರು ಊರಿನಲ್ಲಿರುತ್ತಾರೆ, ಪತಿ ಕೆಲಸದ ಮೇಲಿರುತ್ತಾರೆ. ವರದಿಯನ್ನು ಮೊದಲು ಓದುವವಳು ಹೆಚ್ಚಾಗಿ ಮನೆಯಲ್ಲಿ ಒಬ್ಬಳೇ ಇರುವ ಹೆಣ್ಣುಮಗಳು. ಆ ಅಂಕಿಯನ್ನು ಹೇಗೆ ಓದಬೇಕು, ಯಾವಾಗ ಕಾಯಬೇಕು, ಯಾವಾಗ ಕಾಯಲೇಬಾರದು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಎಚ್‌ಸಿಜಿ ಎಂದರೇನು?

ಫಲಿತಗೊಂಡ ಅಂಡವು ಗರ್ಭಕೋಶದ ಒಳಪದರಕ್ಕೆ ಅಂಟಿಕೊಂಡ ಬಳಿಕ, ಮುಂದೆ ಮಾಸು ಆಗಿ ಬೆಳೆಯಲಿರುವ ಜೀವಕೋಶಗಳು ಸ್ರವಿಸುವ ಹಾರ್ಮೋನೇ ಎಚ್‌ಸಿಜಿ. ಅಂಡಾಶಯದಲ್ಲಿ ಅಂಡ ಹೊರಬಿದ್ದ ಜಾಗದಲ್ಲಿ ಉಳಿಯುವ ಹಳದಿ ಕಾಯವು ಕುಗ್ಗಿಹೋಗದಂತೆ ನೋಡಿಕೊಳ್ಳುವುದು ಇದರ ಮೊದಲ ಕೆಲಸ. ಆ ಹಳದಿ ಕಾಯ ಉತ್ಪಾದಿಸುವ ಪ್ರೊಜೆಸ್ಟೆರೋನ್ ಗರ್ಭಕೋಶದ ಪದರವನ್ನು ಹಿಡಿದಿಡುತ್ತದೆ, ಮುಟ್ಟು ಬರದಂತೆ ತಡೆಯುತ್ತದೆ. ಏಳರಿಂದ ಒಂಬತ್ತನೆಯ ವಾರದ ಸುಮಾರಿಗೆ ಈ ಹೊಣೆಯನ್ನು ಮಾಸು ತಾನೇ ವಹಿಸಿಕೊಳ್ಳುತ್ತದೆ.

1927ರಲ್ಲಿ ಬರ್ಲಿನ್ನಿನ ಆಷ್‌ಹೈಮ್ ಮತ್ತು ಝೋಂಡೆಕ್ ಎಂಬ ವಿಜ್ಞಾನಿಗಳು ಸ್ತ್ರೀಯ ಮೂತ್ರವನ್ನು ಎಳೆಯ ಇಲಿಗಳಿಗೆ ಚುಚ್ಚಿ, ಅವುಗಳ ಅಂಡಾಶಯವನ್ನು ಪರೀಕ್ಷಿಸಿ ಗರ್ಭವನ್ನು ಗುರುತಿಸುತ್ತಿದ್ದರು. ಎಚ್‌ಸಿಜಿಯಲ್ಲಿ ಎರಡು ಭಾಗಗಳಿವೆ. ಆಲ್ಫಾ ಭಾಗವು ದೇಹದ ಬೇರೆ ಕೆಲವು ಹಾರ್ಮೋನುಗಳಲ್ಲಿಯೂ ಹಾಗೆಯೇ ಇರುತ್ತದೆ. ಬೀಟಾ ಭಾಗ ಮಾತ್ರ ಪ್ರತ್ಯೇಕ. 1972ರಲ್ಲಿ ಅಮೆರಿಕದ ವೈಟುಕೈಟಿಸ್, ಬ್ರೌನ್‌ಸ್ಟೀನ್, ರಾಸ್ ಅವರು ಬೀಟಾ ಭಾಗವನ್ನು ಗುರುತಿಸಿ ಅಳೆಯುವ ವಿಧಾನವನ್ನು ಪ್ರಕಟಿಸಿದರು. ಇಂದಿನ ವರದಿಗಳಲ್ಲಿ 'ಬೀಟಾ' ಎಂಬ ಪದ ಇರುವುದು ಈ ಕಾರಣದಿಂದ.

ಈ ಸೂಕ್ಷ್ಮ ಪರೀಕ್ಷೆಗಳಿಂದಾಗಿರುವ ಒಂದು ಬದಲಾವಣೆಯನ್ನು ಗಮನಿಸಬೇಕು. ನಮ್ಮ ತಾಯಂದಿರ ಕಾಲದಲ್ಲಿ ಎರಡು ತಿಂಗಳು ಮುಟ್ಟು ನಿಂತ ಮೇಲೆ ಬಸಿರು ಗೊತ್ತಾಗುತ್ತಿತ್ತು. ಐದನೆಯ ವಾರದಲ್ಲಿ ತಾನಾಗಿ ನಿಂತುಹೋದ ಗರ್ಭವು ಅವರ ಲೆಕ್ಕದಲ್ಲಿ 'ಈ ಸಲ ಸ್ವಲ್ಪ ತಡವಾಯಿತು' ಎಂಬಷ್ಟಕ್ಕೆ ಮುಗಿಯುತ್ತಿತ್ತು. ಇಂದು ಅದೇ ಘಟನೆಗೆ ವರದಿಯಿದೆ, ದಿನಾಂಕವಿದೆ, ದುಃಖವೂ ಇದೆ. ಗರ್ಭಸ್ರಾವಗಳು ಹೆಚ್ಚಿದಂತೆ ಕಾಣುವುದಕ್ಕೆ ಅವು ಈಗ ಬೇಗ ಕಣ್ಣಿಗೆ ಬೀಳುತ್ತಿರುವುದೂ ಒಂದು ಕಾರಣ.

ವಾರವಾರದ ಪ್ರಮಾಣ

ಗರ್ಭದ ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಲಾಗುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿ ಇಷ್ಟು ಮಿಲಿ ಅಂತರರಾಷ್ಟ್ರೀಯ ಏಕಮಾನ ಎಂಬುದು ಅಳತೆಯ ಕ್ರಮ. 5ಕ್ಕಿಂತ ಕಡಿಮೆಯಿದ್ದರೆ ಗರ್ಭವಿಲ್ಲ. 5ರಿಂದ 25ರವರೆಗೆ ಸಂದಿಗ್ಧ, ಮತ್ತೆ ಪರೀಕ್ಷಿಸಬೇಕು. 25ಕ್ಕಿಂತ ಹೆಚ್ಚಿದ್ದರೆ ಗರ್ಭವಿದೆ ಎಂದರ್ಥ. ಮುಂದಿನ ವಾರಗಳಲ್ಲಿ ಸಾಮಾನ್ಯವಾಗಿ ಬಳಸುವ ಮಿತಿಗಳು ಹೀಗಿವೆ:

4ನೆಯ ವಾರ: 5ರಿಂದ 426
5ನೆಯ ವಾರ: 18ರಿಂದ 7,340
6ನೆಯ ವಾರ: 1,080ರಿಂದ 56,500
7–8ನೆಯ ವಾರ: 7,650ರಿಂದ 2,29,000
9–12ನೆಯ ವಾರ: 25,700ರಿಂದ 2,88,000

ಐದನೆಯ ವಾರದ ಸಾಲನ್ನು ಮತ್ತೊಮ್ಮೆ ನೋಡಿರಿ. 18 ಕೂಡ ಸಹಜ, 7,340 ಕೂಡ ಸಹಜ. ಆದ್ದರಿಂದ ಒಂದೇ ಒಂದು ಅಂಕಿಯನ್ನು ಹಿಡಿದು ಗರ್ಭ ಉಳಿಯುತ್ತದೆ ಅಥವಾ ಉಳಿಯುವುದಿಲ್ಲ ಎಂದು ನಿರ್ಣಯಿಸಲು ಸಾಧ್ಯವಿಲ್ಲ. ನಾದಿನಿಯ ವರದಿಯೊಡನೆ, ನೆರೆಮನೆಯವರ ವರದಿಯೊಡನೆ ಹೋಲಿಸುವುದೂ ವ್ಯರ್ಥ. ಅಂಡ ಬಿಡುಗಡೆಯಾದದ್ದು ನಾಲ್ಕೈದು ದಿನ ತಡವಾಗಿದ್ದರೆ ಸಾಕು, ಅಂಕಿ ಬಹಳ ಕಡಿಮೆಯಾಗಿ ಕಾಣುತ್ತದೆ. 8ರಿಂದ 11ನೆಯ ವಾರದ ನಡುವೆ ಹಾರ್ಮೋನ್ ಶಿಖರವನ್ನು ಮುಟ್ಟಿ ಬಳಿಕ ತಾನಾಗಿ ಇಳಿಯುತ್ತದೆ. ಆ ಇಳಿಕೆ ಗರ್ಭಸ್ರಾವದ ಸೂಚನೆಯಲ್ಲ. ಅಂಕಿಯ ಹೆಚ್ಚು ಕಡಿಮೆಯಿಂದ ಮಗು ಗಂಡೋ ಹೆಣ್ಣೋ ಎಂದು ತಿಳಿಯುವುದಿಲ್ಲ. ಅದನ್ನು ಪತ್ತೆಹಚ್ಚುವುದು 1994ರ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಎರಡು ಅಂಕಿಗಳ ನಡುವಣ ಅಂತರ

ವೈದ್ಯರು 48 ಗಂಟೆಗಳ ಬಳಿಕ ಮತ್ತೊಮ್ಮೆ ರಕ್ತ ಕೊಡಲು ಹೇಳುವುದು ಈ ಕಾರಣಕ್ಕಾಗಿ. 'ಎರಡು ದಿನಕ್ಕೆ ಎರಡು ಪಟ್ಟು ಆಗಲೇಬೇಕು' ಎಂಬ ಮಾತು ಪ್ರಚಾರದಲ್ಲಿದೆ. ಅದು ಪೂರ್ಣ ಸತ್ಯವಲ್ಲ. ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು 2018ರಲ್ಲಿ ನೀಡಿದ ಮಾರ್ಗಸೂಚಿಯಂತೆ, ಮೊದಲ ಅಂಕಿ 1,500ಕ್ಕಿಂತ ಕಡಿಮೆ ಇದ್ದಾಗ ಎರಡು ದಿನಗಳಲ್ಲಿ ನಿರೀಕ್ಷಿಸುವ ಕನಿಷ್ಠ ಏರಿಕೆ ಶೇ. 49, 1,500ರಿಂದ 3,000ದವರೆಗೆ ಶೇ. 40, 3,000ಕ್ಕಿಂತ ಹೆಚ್ಚಿದ್ದಾಗ ಶೇ. 33.

ಉದಾಹರಣೆಗೆ, ಸೋಮವಾರ 180 ಇದ್ದದ್ದು ಬುಧವಾರ 290 ಆಗಿದೆ ಎನ್ನೋಣ. ಎರಡು ಪಟ್ಟಾಗಲಿಲ್ಲವೆಂದು ಮನೆಯವರು ಕಂಗಾಲಾಗುತ್ತಾರೆ. ಆದರೆ ಏರಿಕೆ ಶೇ. 61, ಇದು ಸಹಜ ಮಿತಿಯೊಳಗೇ ಇದೆ. 180 ಇದ್ದದ್ದು 230 ಆದರೆ ಏರಿಕೆ ಶೇ. 28 ಮಾತ್ರ; ಆಗ ಸಂಶಯಕ್ಕೆ ಕಾರಣವಿದೆ, ವೈದ್ಯರನ್ನು ಅಂದೇ ಕಾಣಬೇಕು. ಅಂಕಿ ಅರ್ಧಕ್ಕಿಂತಲೂ ಕೆಳಗಿಳಿದರೆ ಆ ಗರ್ಭ ಮುಂದುವರಿಯುವ ಸಾಧ್ಯತೆ ತೀರ ಕಡಿಮೆ.

ಇಲ್ಲಿ ಒಂದು ವ್ಯಾವಹಾರಿಕ ಸೂಚನೆ. ಎರಡೂ ಪರೀಕ್ಷೆಗಳನ್ನು ಒಂದೇ ಪ್ರಯೋಗಾಲಯದಲ್ಲಿ ಮಾಡಿಸಿರಿ. ಮೊದಲನೆಯದನ್ನು ಭಿವಂಡಿಯಲ್ಲಿ, ಎರಡನೆಯದನ್ನು ಡೊಂಬಿವಲಿಯ ಅಕ್ಕನ ಮನೆಯ ಬಳಿ ಮಾಡಿಸಿದರೆ ಯಂತ್ರ ಮತ್ತು ವಿಧಾನಗಳ ವ್ಯತ್ಯಾಸದಿಂದಲೇ ಅಂಕಿ ಬದಲಾಗಬಹುದು. ಸಂತಾನ ಚಿಕಿತ್ಸೆಯಲ್ಲಿ ಎಚ್‌ಸಿಜಿ ಚುಚ್ಚುಮದ್ದು ಪಡೆದವರಿಗೆ ಅದರ ಅಂಶವೇ ಒಂದೆರಡು ವಾರ ರಕ್ತದಲ್ಲಿ ಕಾಣಿಸಬಹುದು. ಅಂಥವರು ವೈದ್ಯರು ಹೇಳಿದ ದಿನಕ್ಕಿಂತ ಮೊದಲು ಪರೀಕ್ಷಿಸಿಕೊಳ್ಳಬಾರದು.

ಸ್ಕ್ಯಾನ್ ಹೇಳುವ ತೀರ್ಪು

ಅಂತಿಮ ತೀರ್ಪು ಹಾರ್ಮೋನಿನದಲ್ಲ, ಸ್ಕ್ಯಾನಿನದು. ಯೋನಿಮಾರ್ಗದ ಸ್ಕ್ಯಾನಿನಲ್ಲಿ ಐದನೆಯ ವಾರದ ಹೊತ್ತಿಗೆ ಗರ್ಭಚೀಲವೂ ಸುಮಾರು ಆರನೆಯ ವಾರದಲ್ಲಿ ಹೃದಯದ ಮಿಡಿತವೂ ಕಾಣಿಸಿಕೊಳ್ಳುತ್ತವೆ. ಈ ವಿಧಾನದಿಂದ ಗರ್ಭಕ್ಕೆ ಹಾನಿಯಿಲ್ಲ. ಎಚ್‌ಸಿಜಿ 3,500 ದಾಟಿದ ಮೇಲೂ ಗರ್ಭಕೋಶದೊಳಗೆ ಏನೂ ಕಾಣದಿದ್ದರೆ ಗರ್ಭ ಎಲ್ಲಿದೆ ಎಂಬುದನ್ನು ತುರ್ತಾಗಿ ಹುಡುಕಬೇಕಾಗುತ್ತದೆ.

ಭ್ರೂಣದ ಉದ್ದ 7 ಮಿಲಿಮೀಟರ್ ಅಥವಾ ಹೆಚ್ಚಿದ್ದೂ ಮಿಡಿತವಿಲ್ಲದಿದ್ದರೆ, ಅಥವಾ ಗರ್ಭಚೀಲದ ಸರಾಸರಿ ವ್ಯಾಸ 25 ಮಿಲಿಮೀಟರ್ ಮುಟ್ಟಿದರೂ ಭ್ರೂಣ ಕಾಣದಿದ್ದರೆ ಗರ್ಭ ನಿಂತಿದೆ ಎಂದು ತೀರ್ಮಾನಿಸಲಾಗುತ್ತದೆ. ಅದಕ್ಕಿಂತ ಕಡಿಮೆ ಅಳತೆಯಲ್ಲಿ ಏಳು ದಿನ ಅಥವಾ ಹೆಚ್ಚು ಕಾದು ಮರಳಿ ಸ್ಕ್ಯಾನ್ ಮಾಡುವುದೇ ಕ್ರಮ. ಮೊದಲ ಸ್ಕ್ಯಾನಿನಲ್ಲೇ 'ಮಿಡಿತವಿಲ್ಲ, ಸ್ವಚ್ಛಗೊಳಿಸಿಬಿಡೋಣ' ಎಂಬ ಸಲಹೆ ಬಂದರೆ ಅಳತೆ ಎಷ್ಟಿದೆಯೆಂದು ಕೇಳುವ, ಎರಡನೆಯ ಅಭಿಪ್ರಾಯ ಪಡೆಯುವ ಹಕ್ಕು ನಿಮಗಿದೆ. ಕಾಯುವ ಆ ವಾರ ದೀರ್ಘವಾದುದು, ನಿಜ. ಆದರೆ ತಡವಾಗಿ ನೆಲೆಗೊಂಡ ಆರೋಗ್ಯವಂತ ಗರ್ಭವನ್ನು ಉಳಿಸುವುದು ಆ ಕಾಯುವಿಕೆಯೇ.

ಪ್ರೊಜೆಸ್ಟೆರೋನ್ ಮಾತ್ರೆಗಳು

ರಕ್ತದಲ್ಲಿ ಪ್ರೊಜೆಸ್ಟೆರೋನ್ ತೀರ ಕಡಿಮೆಯಿದ್ದರೆ ಗರ್ಭ ದುರ್ಬಲವಾಗಿರಬಹುದು. ಅನೇಕ ಸಂದರ್ಭಗಳಲ್ಲಿ ಇದು ಕಾರಣವಲ್ಲ, ಪರಿಣಾಮ. ಬ್ರಿಟನ್ನಿನಲ್ಲಿ ರಕ್ತಸ್ರಾವವಾದ 4,153 ಗರ್ಭಿಣಿಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ರೊಜೆಸ್ಟೆರೋನ್ ಪಡೆದವರಲ್ಲಿ ಶೇ. 75 ಮಂದಿಗೂ ಪಡೆಯದವರಲ್ಲಿ ಶೇ. 72 ಮಂದಿಗೂ ಜೀವಂತ ಮಗು ಜನಿಸಿತು. ಒಟ್ಟಾರೆ ವ್ಯತ್ಯಾಸ ಅಲ್ಪ. ಆದರೆ ಹಿಂದೆ ಗರ್ಭಸ್ರಾವಗಳಾಗಿದ್ದು ಈ ಬಾರಿಯೂ ರಕ್ತ ಕಂಡವರಲ್ಲಿ ಪ್ರಯೋಜನ ಕಂಡುಬಂದಿತು. ಆದುದರಿಂದ ಈ ಔಷಧ ಯಾರಿಗೆ ಬೇಕೆಂದು ವೈದ್ಯರು ನಿರ್ಧರಿಸಲಿ. ಹಳೆಯ ಚೀಟಿಯಿಂದ ತರಿಸಿ ನುಂಗಬಾರದು.

ಗರ್ಭಸ್ರಾವ ಏಕೆ ಆಗುತ್ತದೆ?

ಖಚಿತವಾದ ಗರ್ಭಗಳಲ್ಲಿ ಸುಮಾರು ಶೇ. 10ರಿಂದ 20ರಷ್ಟು ತಾವಾಗಿಯೇ ಸ್ರಾವವಾಗುತ್ತವೆ. ಬಹುಪಾಲು ಮೊದಲ 12 ವಾರಗಳೊಳಗೆ. ಅವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಭ್ರೂಣದ ವರ್ಣತಂತುಗಳ ಸಂಖ್ಯೆಯಲ್ಲಿ ಆಕಸ್ಮಿಕವಾಗಿ ಉಂಟಾದ ದೋಷ. ತಾಯಿಯ ವಯಸ್ಸು, ಹತೋಟಿಯಲ್ಲಿಲ್ಲದ ಮಧುಮೇಹ, ಥೈರಾಯ್ಡ್ ತೊಂದರೆ, ಗರ್ಭಕೋಶದ ರಚನೆಯ ದೋಷ, ತಂಬಾಕು ಮತ್ತು ಮದ್ಯ ಉಳಿದ ಮುಖ್ಯ ಕಾರಣಗಳು.

ಲೋಕಲ್ ರೈಲಿನಲ್ಲಿ ಹೋದದ್ದು, ಮೆಟ್ಟಿಲು ಹತ್ತಿದ್ದು, ನೀರಿನ ಕೊಡ ಎತ್ತಿದ್ದು, ಊಟದಲ್ಲಿ ಒಂದು ತುಂಡು ಪಪ್ಪಾಯಿ ತಿಂದದ್ದು, ಯಾರದೋ ದೃಷ್ಟಿ ತಾಗಿದ್ದು ಇದಕ್ಕೆ ಕಾರಣಗಳಲ್ಲ. ಬೆಳೆಯಲಾರದ ಭ್ರೂಣವನ್ನು ಮಂಚದ ಮೇಲಿನ ಪೂರ್ಣ ವಿಶ್ರಾಂತಿಯೂ ಉಳಿಸಲಾರದು. ಗರ್ಭಸ್ರಾವವಾದ ಮನೆಯಲ್ಲಿ 'ನೀನು ಏನು ಮಾಡಿದೆ?' ಎಂಬ ಪ್ರಶ್ನೆ ಏಳಲೇಬಾರದು.

ಗರ್ಭನಾಳದಲ್ಲಿ ಗರ್ಭ: ಊರಿಗೆ ಹೊರಡುವ ಮುನ್ನ

ನೂರರಲ್ಲಿ ಒಂದೆರಡು ಗರ್ಭಗಳು ಗರ್ಭಕೋಶದ ಹೊರಗೆ, ಹೆಚ್ಚಾಗಿ ಗರ್ಭನಾಳದಲ್ಲಿ ನೆಲೆಗೊಳ್ಳುತ್ತವೆ. ನಾಳ ಒಡೆದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗಿ ತಾಯಿಯ ಪ್ರಾಣಕ್ಕೇ ಅಪಾಯ. ಎಚ್‌ಸಿಜಿ ನಿಧಾನವಾಗಿ ಏರುವುದು ಇದರ ಒಂದು ಸೂಚನೆ. ಆದರೆ ಕೆಲವರಲ್ಲಿ ಸಹಜವಾಗಿಯೇ ಏರುತ್ತದೆ. ಬೇಗ ಗುರುತಿಸಿದರೆ ಔಷಧದಿಂದಲೇ ಗುಣಪಡಿಸಲು ಹಲವರಲ್ಲಿ ಸಾಧ್ಯ.

ನಮ್ಮವರಲ್ಲಿ ಸಿಹಿಸುದ್ದಿ ತಿಳಿದೊಡನೆ, ಅಥವಾ ಸ್ವಲ್ಪ ರಕ್ತ ಕಂಡೊಡನೆ, 'ತವರಿಗೆ ಹೋಗಿ ವಿಶ್ರಾಂತಿ ತೆಗೆದುಕೋ' ಎಂದು ಹೇಳುವ ರೂಢಿಯಿದೆ. ಥಾಣೆಯಲ್ಲೋ ಪನ್ವೇಲಿನಲ್ಲೋ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿಸಿಬಿಡುತ್ತಾರೆ, ಇಲ್ಲವೇ ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿಗೋ ವಿಜಯಪುರಕ್ಕೋ ಕಳುಹಿಸುತ್ತಾರೆ. ಪ್ರಯಾಣದಿಂದ ಗರ್ಭ ಬೀಳುವುದಿಲ್ಲ. ಆದರೆ ಗರ್ಭ ಕೋಶದೊಳಗೇ ಇದೆಯೆಂದು ಸ್ಕ್ಯಾನಿನಲ್ಲಿ ಖಚಿತವಾಗುವ ಮೊದಲು, ಅದರಲ್ಲೂ ನೋವು ಅಥವಾ ರಕ್ತಸ್ರಾವ ಇರುವಾಗ, ಶಸ್ತ್ರಚಿಕಿತ್ಸೆಯ ಸೌಲಭ್ಯದಿಂದ ಗಂಟೆಗಟ್ಟಲೆ ದೂರವಾಗುವ ರಾತ್ರಿ ಪ್ರಯಾಣವನ್ನು ಕೈಗೊಳ್ಳಬಾರದು. ತವರಿನವರೇ ಇಲ್ಲಿಗೆ ಬರುವುದು ಲೇಸು.

ಕಾಯದೆ ಹೊರಡಬೇಕಾದ ಲಕ್ಷಣಗಳು

• ಕೆಳಹೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು, ಭುಜದ ತುದಿಯಲ್ಲಿ ನೋವು
• ತಲೆ ತಿರುಗುವಿಕೆ, ಮೂರ್ಛೆ, ಮೈ ತಣ್ಣಗಾಗಿ ಬೆವರುವುದು
• ಗಂಟೆಗೆ ಎರಡು ಪ್ಯಾಡ್ ತೊಯ್ಯುವಷ್ಟು ರಕ್ತಸ್ರಾವ ಎರಡು ಗಂಟೆ ಮುಂದುವರಿಯುವುದು
• ಜ್ವರ, ಚಳಿ, ದುರ್ವಾಸನೆಯ ಸ್ರಾವ

ಇವುಗಳಲ್ಲಿ ಒಂದಿದ್ದರೂ ಮುಂದಿನ ರಕ್ತಪರೀಕ್ಷೆಗೆ ಕಾಯುವಂತಿಲ್ಲ. ಮಹಾರಾಷ್ಟ್ರದಲ್ಲಿ 108 ಸಂಖ್ಯೆಯ ಆಂಬುಲೆನ್ಸ್ ಸೇವೆ ಉಚಿತ. ಭಿವಂಡಿಯಲ್ಲಿ ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆ, ಕಳವಾದಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆ, ಕಲ್ಯಾಣದಲ್ಲಿ ರುಕ್ಮಿಣಿಬಾಯಿ ಆಸ್ಪತ್ರೆ, ಡೊಂಬಿವಲಿಯಲ್ಲಿ ಶಾಸ್ತ್ರಿನಗರ ಆಸ್ಪತ್ರೆ, ವಾಶಿಯಲ್ಲಿ ಮಹಾನಗರ ಪಾಲಿಕೆಯ ಆಸ್ಪತ್ರೆ ಸಾರ್ವಜನಿಕ ಆಸ್ಪತ್ರೆಗಳು. ಭಿವಂಡಿಯವರು ಕಶೇಳಿ ಸೇತುವೆಯ ಮೂಲಕ ಥಾಣೆಗೋ ಕೋನಗಾಂವ್ ದಾಟಿ ಕಲ್ಯಾಣಕ್ಕೋ ಹೋಗಬೇಕು. ಲಾರಿಗಳ ದಟ್ಟಣೆ, ಮಳೆಗಾಲದ ರಸ್ತೆ ಎಲ್ಲರಿಗೂ ಗೊತ್ತಿರುವುದೇ. ರಾತ್ರಿ ಯಾವ ಆಸ್ಪತ್ರೆಗೆ, ಯಾವ ವಾಹನದಲ್ಲಿ, ಯಾರ ಜೊತೆ ಎಂಬುದನ್ನು ಹಗಲಿನಲ್ಲೇ ನಿಶ್ಚಯಿಸಿಡಿರಿ. ವರದಿಗಳೊಡನೆ ರಕ್ತದ ಗುಂಪಿನ ಚೀಟಿಯೂ ಕೈಯಲ್ಲಿರಲಿ. ಗುಂಪು ನೆಗೆಟಿವ್ ಆಗಿದ್ದರೆ 'ಆ್ಯಂಟಿ-ಡಿ' ಚುಚ್ಚುಮದ್ದು ಬೇಕೇ ಎಂದು ಕೇಳಿರಿ; ಬೇಕಾದಲ್ಲಿ ಅದನ್ನು 72 ಗಂಟೆಗಳೊಳಗೆ ಕೊಡಿಸಬೇಕು.

ಗರ್ಭಸ್ರಾವದ ನಂತರ

ಗರ್ಭ ನಿಂತಿದೆಯೆಂದು ಖಚಿತವಾದ ಮೇಲೆ ಮೂರು ದಾರಿಗಳಿವೆ: ತಾನಾಗಿ ಹೊರಬೀಳುವವರೆಗೆ ಕಾಯುವುದು, ಔಷಧ, ಅಥವಾ ಚಿಕ್ಕ ಶಸ್ತ್ರಕ್ರಿಯೆ. ಆರೋಗ್ಯ ಸ್ಥಿರವಾಗಿದ್ದರೆ ಆಯ್ಕೆ ಆಕೆಯದು. ಎಚ್‌ಸಿಜಿ ಪೂರ್ಣವಾಗಿ ಇಳಿಯಲು ಕೆಲವು ವಾರಗಳು ಬೇಕು. ಅಲ್ಲಿಯವರೆಗೆ ಮನೆಯ ಪರೀಕ್ಷಾ ಪಟ್ಟಿಯಲ್ಲಿ ಎರಡು ಗೆರೆ ಕಾಣಬಹುದು. ಅದು ಹೊಸ ಆಸೆಯ ಗೆರೆಯಲ್ಲ. ಮೂರು ವಾರಗಳ ಬಳಿಕವೂ ಕಾಣುತ್ತಿದ್ದರೆ ವೈದ್ಯರಿಗೆ ತಿಳಿಸಬೇಕು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳಲ್ಲಿ ಮುಟ್ಟು ಮರಳುತ್ತದೆ. ಮುಂದಿನ ಗರ್ಭಕ್ಕೆ ಯೋಚಿಸುವವರು ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಮೊದಲೇ ಆರಂಭಿಸಬೇಕು. ಒಂದು ಗರ್ಭಸ್ರಾವವಾದ ಬಹುಪಾಲು ಮಹಿಳೆಯರಿಗೆ ಮುಂದಿನ ಗರ್ಭ ಸುಸೂತ್ರವಾಗಿ ಸಾಗುತ್ತದೆ. ಎರಡು ಮೂರು ಬಾರಿ ಮರುಕಳಿಸಿದರೆ ದಂಪತಿಗಳಿಬ್ಬರೂ ತಪಾಸಣೆ ಮಾಡಿಸಿಕೊಳ್ಳಬೇಕು.

ಉದ್ಯೋಗಸ್ಥ ಮಹಿಳೆಯರು ಇನ್ನೊಂದು ವಿಷಯ ತಿಳಿದಿರಲಿ. ಗರ್ಭಸ್ರಾವವಾದಾಗ 1961ರ ಮಾತೃತ್ವ ಸೌಲಭ್ಯ ಕಾಯಿದೆ ನೀಡಿದ್ದ ಆರು ವಾರಗಳ ವೇತನಸಹಿತ ರಜೆಯನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿದೆ. ವೈದ್ಯರ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ.

ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿಯನ್ನು ಹೊರಗೆ ಹೇಳಬಾರದೆಂಬ ಸಂಪ್ರದಾಯ ನಮ್ಮಲ್ಲಿದೆ. ಊರಿಗೆಲ್ಲ ಹೇಳಬೇಕಾಗಿಲ್ಲ, ಸರಿ. ಆದರೆ ಯಾರಿಗೂ ತಿಳಿಸದ ಬಸಿರು ಹೋದಾಗ ಆ ದುಃಖದಲ್ಲಿ ಪಾಲುಗೊಳ್ಳಲು ಯಾರೂ ಇರುವುದಿಲ್ಲ; ಮೂರನೆಯ ದಿನವೇ ಅವಳು ಡಬ್ಬಿ ಕಟ್ಟಿಕೊಂಡು ಲೋಕಲ್ ಹತ್ತಬೇಕಾಗುತ್ತದೆ. ಆದುದರಿಂದ ನಂಬಿಕೆಯ ಇಬ್ಬರಿಗಾದರೂ, ತಾಯಿಗೋ ಅತ್ತೆಗೋ ಪಕ್ಕದ ಮನೆಯ ಗೆಳತಿಗೋ, ಮೊದಲ ವರದಿ ಬಂದ ದಿನವೇ ತಿಳಿಸಿರಿ. ಎರಡನೆಯ ವರದಿಗೆ ಕಾಯುವ 48 ಗಂಟೆಗಳಲ್ಲಿ ಜೊತೆಗಿರಲು ಅವರು ಬೇಕು.