ಹಾರ್ಲನ್ ಕೌಂಟಿ, ಯುಎಸ್ಎ (ಸಾಕ್ಷ್ಯಚಿತ್ರ)

ಹಾರ್ಲನ್ ಕೌಂಟಿ, ಯುಎಸ್ಎ 1976ರಲ್ಲಿ ತೆರೆಕಂಡ ಅಮೆರಿಕದ ಸಾಕ್ಷ್ಯಚಿತ್ರ. ಬಾರ್ಬರಾ ಕೊಪಲ್ ಇದರ ನಿರ್ದೇಶಕಿ ಹಾಗೂ ನಿರ್ಮಾಪಕಿ. ಕೆಂಟಕಿ ರಾಜ್ಯದ ಹಾರ್ಲನ್ ಕೌಂಟಿಯಲ್ಲಿರುವ ಬ್ರೂಕ್‌ಸೈಡ್ ಕಲ್ಲಿದ್ದಲು ಗಣಿಯಲ್ಲಿ 1973-74ರಲ್ಲಿ ನಡೆದ ಮುಷ್ಕರವೇ ಇದರ ವಸ್ತು. ಈ ಚಿತ್ರಕ್ಕೆ ಅತ್ಯುತ್ತಮ ಸಾಕ್ಷ್ಯಚಿತ್ರ ವಿಭಾಗದಲ್ಲಿ ಆಸ್ಕರ್ ಪ್ರಶಸ್ತಿ ದೊರೆತಿದೆ.

ಹಿನ್ನೆಲೆ

ಹಾರ್ಲನ್ ಪ್ರದೇಶದಲ್ಲಿ 1930ರ ದಶಕದಲ್ಲಿಯೇ ಗಣಿ ಮಾಲೀಕರಿಗೂ ಕಾರ್ಮಿಕರಿಗೂ ರಕ್ತಸಿಕ್ತ ಸಂಘರ್ಷಗಳು ನಡೆದಿದ್ದವು. ಬ್ರೂಕ್‌ಸೈಡ್ ಗಣಿಯು ಡ್ಯೂಕ್ ಪವರ್ ಎಂಬ ವಿದ್ಯುತ್ ಕಂಪನಿಯ ಅಂಗಸಂಸ್ಥೆಯಾದ ಈಸ್ಟೋವರ್ ಮೈನಿಂಗ್‌ನ ಒಡೆತನದಲ್ಲಿತ್ತು. 1973ರಲ್ಲಿ ಅಲ್ಲಿನ ಕಾರ್ಮಿಕರು ಯುನೈಟೆಡ್ ಮೈನ್ ವರ್ಕರ್ಸ್ ಸಂಘವನ್ನು ಸೇರಲು ಮತ ನೀಡಿದರು. ಕಂಪನಿಯು ಆ ಸಂಘದೊಡನೆ ಒಪ್ಪಂದಕ್ಕೆ ಸಹಿ ಹಾಕಲು ನಿರಾಕರಿಸಿದ್ದರಿಂದ ಸುಮಾರು 180 ಕಾರ್ಮಿಕರು ಮುಷ್ಕರ ಹೂಡಿದರು.

ಸಂಘವು ಆಗತಾನೇ ದೊಡ್ಡ ಬಿಕ್ಕಟ್ಟಿನಿಂದ ಹೊರಬಂದಿತ್ತು. ಅಧ್ಯಕ್ಷ ಟೋನಿ ಬಾಯ್ಲ್‌ನ ವಿರುದ್ಧ ಸ್ಪರ್ಧಿಸಿದ್ದ ಜೋಸೆಫ್ ಯಾಬ್ಲೊನ್ಸ್ಕಿ, ಅವರ ಪತ್ನಿ ಮತ್ತು ಮಗಳು 1969ರ ಡಿಸೆಂಬರ್ 31ರಂದು ಹತ್ಯೆಗೀಡಾಗಿದ್ದರು. ಈ ಪ್ರಕರಣದಲ್ಲಿ ಮುಂದೆ ಬಾಯ್ಲ್‌ಗೆ ಶಿಕ್ಷೆಯಾಯಿತು. 1972ರ ಚುನಾವಣೆಯಲ್ಲಿ ಸುಧಾರಣಾವಾದಿಗಳ ಅಭ್ಯರ್ಥಿ ಆರ್ನಲ್ಡ್ ಮಿಲ್ಲರ್ ಬಾಯ್ಲ್‌ನನ್ನು ಸೋಲಿಸಿದರು. ಕೊಪಲ್ ಮೊದಲು ಚಿತ್ರಿಸಲು ಹೊರಟಿದ್ದುದು ಈ ಸುಧಾರಣಾ ಚಳವಳಿಯನ್ನು. ಮುಷ್ಕರ ಆರಂಭವಾದ ಬಳಿಕ ಹಾರ್ಲನ್‌ನತ್ತ ತೆರಳಿದರು.

ಚಿತ್ರದ ವಸ್ತು

ಚಿತ್ರದಲ್ಲಿ ನಿರೂಪಕರ ಧ್ವನಿಯಿಲ್ಲ. ಕಾರ್ಮಿಕರು ಮತ್ತು ಅವರ ಕುಟುಂಬದವರ ಮಾತುಗಳೇ ಕಥನವನ್ನು ಮುನ್ನಡೆಸುತ್ತವೆ. ಕಲ್ಲಿದ್ದಲು ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಮತ್ತು ನಲ್ಲಿ ನೀರಿಲ್ಲದ ಮನೆಗಳು ಮುಷ್ಕರದ ಹಿಂದಿನ ಬದುಕನ್ನು ತೋರಿಸುತ್ತವೆ. ಗಣಿಯ ದ್ವಾರದಲ್ಲಿ ಸೇರಬಹುದಾದ ಮುಷ್ಕರನಿರತರ ಸಂಖ್ಯೆಯನ್ನು ನ್ಯಾಯಾಲಯವು ಮಿತಿಗೊಳಿಸಿದಾಗ ಮಹಿಳೆಯರು ಮುಂದೆ ಬಂದು ರಸ್ತೆ ತಡೆದರು. ನ್ಯೂಯಾರ್ಕ್‌ನಲ್ಲಿ ಪ್ರತಿಭಟಿಸುವ ಗಣಿ ಕಾರ್ಮಿಕನೊಬ್ಬನು ಅಲ್ಲಿನ ಪೊಲೀಸನೊಡನೆ ಸಂಬಳ, ಸೌಲಭ್ಯಗಳನ್ನು ಹೋಲಿಸಿ ಮಾತನಾಡುವ ದೃಶ್ಯವೂ ಇದೆ.

ಕಂಪನಿಯ ಪರವಾದವರು ಗುಂಡು ಹಾರಿಸುವುದು ಮತ್ತು ಚಿತ್ರತಂಡದ ಮೇಲೆ ಹಲ್ಲೆ ನಡೆಸುವುದು ಕ್ಯಾಮೆರಾದಲ್ಲಿ ದಾಖಲಾಗಿವೆ. 1974ರ ಆಗಸ್ಟ್‌ನಲ್ಲಿ ಲಾರೆನ್ಸ್ ಜೋನ್ಸ್ ಎಂಬ ಯುವ ಕಾರ್ಮಿಕನು ಗುಂಡೇಟಿನಿಂದ ಮೃತಪಟ್ಟನು. ಇದರ ಬೆನ್ನಲ್ಲೇ ಕಂಪನಿಯು ಒಪ್ಪಂದಕ್ಕೆ ಸಹಿ ಹಾಕಿತು. ಆದರೆ ಚಿತ್ರ ಈ ಜಯದೊಂದಿಗೆ ಮುಗಿಯುವುದಿಲ್ಲ. ಅದೇ ವರ್ಷದ ರಾಷ್ಟ್ರೀಯ ಒಪ್ಪಂದದಲ್ಲಿ ಮುಷ್ಕರದ ಹಕ್ಕು ಕೈತಪ್ಪುವ ಕುರಿತು ಕಾರ್ಮಿಕರು ವ್ಯಕ್ತಪಡಿಸುವ ಅಸಮಾಧಾನವನ್ನೂ ಅದು ದಾಖಲಿಸುತ್ತದೆ.

ಸಂಗೀತ

ಗಣಿ ಕಾರ್ಮಿಕರ ಕುಟುಂಬದಿಂದ ಬಂದ ಗಾಯಕಿ ಹೇಜಲ್ ಡಿಕನ್ಸ್ ಅವರ ಹಾಡುಗಳನ್ನು ಬಳಸಲಾಗಿದೆ. 1931ರ ಹಾರ್ಲನ್ ಹೋರಾಟದ ಕಾಲದಲ್ಲಿ ‘ವಿಚ್ ಸೈಡ್ ಆರ್ ಯು ಆನ್’ ಹಾಡನ್ನು ರಚಿಸಿದ ಫ್ಲಾರೆನ್ಸ್ ರೀಸ್, ಮುಷ್ಕರನಿರತರ ಸಭೆಯಲ್ಲಿ ಅದನ್ನು ಸ್ವತಃ ಹಾಡುತ್ತಾರೆ.

ಪುರಸ್ಕಾರ

1977ರಲ್ಲಿ ನಡೆದ 49ನೆಯ ಅಕಾಡೆಮಿ ಪ್ರಶಸ್ತಿ ಸಮಾರಂಭದಲ್ಲಿ ಚಿತ್ರಕ್ಕೆ ಆಸ್ಕರ್ ಪ್ರದಾನ ಮಾಡಲಾಯಿತು. 1990ರಲ್ಲಿ ಇದನ್ನು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರಿಸಲಾಯಿತು.